ಜೀಪಿನ ಪ್ಲೇಟೂ ನಮ್ಮ ಜವಾಬ್ದಾರಿಯೂ

ಕಾಫಿ ಹಣ್ಣು, ಅಡಿಕೆ ಕೊನೆ ಎರಡೂ ಒಟ್ಟಿಗೆ ಬರುವ ದಿನಗಳಲ್ಲಿ ನಮ್ಮ ಜೀಪುಗಳಿಗೆ ಬಿಡುವೆಂಬುದಿಲ್ಲ. ಬೆಳಿಗ್ಗೆ ಕೆಲಸದವರನ್ನು ಕರೆತರಬೇಕು, ಸಂಜೆ ಬಿಟ್ಟು ಬರಬೇಕು. ನಡುವೆ ಗೊಬ್ಬರ, ಸೌದೆ, ಚೀಲ. 50 ಕಿಲೊ ತೂಗುವ ಹತ್ತು ಚೀಲ ಏರಿಸಿದರೆ ಅರ್ಧ ಟನ್ನಾಯಿತು. ಈ ಭಾರವನ್ನೆಲ್ಲ ಹೊರುವುದು ಕೆಳಗಿರುವ ಕಮಾನಿನ ಪ್ಲೇಟುಗಳು. ಎಂಜಿನ್ ಆಯಿಲನ್ನು ತಪ್ಪದೆ ನೋಡುವ ನಾವು ಪ್ಲೇಟಿನ ಕಡೆ ಬಗ್ಗಿ ನೋಡುವುದು ಗಾಡಿ ಒಂದು ಪಕ್ಕಕ್ಕೆ ವಾಲಿದ ಮೇಲೆಯೇ.

ವಾಲಿದಾಗ ನಾವು ಮಾಡುವುದೇನು? ಪೇಟೆಗೆ ಹೋಗಿ, "ಒಂದು ಪ್ಲೇಟು ಸೇರಿಸಿಬಿಡಿ" ಎನ್ನುತ್ತೇವೆ. ನಾನೂ ಹಾಗೆಯೇ ಮಾಡಿದವನು. ಹಿಂದಿನ ಎಡಪಕ್ಕ ಎರಡು ಇಂಚು ಕುಸಿದಿತ್ತು. ಆ ಪಕ್ಕಕ್ಕೆ ಮಾತ್ರ ಒಂದು ದಪ್ಪ ಪ್ಲೇಟು ಬಿತ್ತು. ನಿಂತಾಗ ಗಾಡಿ ಸಮನಾಗಿ ಕಂಡಿತು, ನನಗೆ ಅಷ್ಟೇ ಸಾಕಾಯಿತು. ಮೂರು ವಾರ ಕಳೆದ ಮೇಲೆ, ಒಂದು ಸಂಜೆ, ಹಣ್ಣು ಕೊಯ್ಯುವ ಆರು ಮಂದಿ ಹೆಂಗಸರನ್ನು ಬಿಟ್ಟುಬರಲು ಹೊರಟಿದ್ದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಅಡಿಯಲ್ಲಿ ಏನೋ ಮುರಿದ ಸದ್ದಾಯಿತು. ಗಾಡಿ ಬಲಕ್ಕೆ ಎಳೆದು ಧರೆಗೆ ಒರಗಿ ನಿಂತಿತು. ಒಬ್ಬಾಕೆಯ ಮೊಣಕೈಗೆ ಪೆಟ್ಟಾಯಿತು, ಉಳಿದವರಿಗೆ ಏನೂ ಆಗಲಿಲ್ಲ. ಮುಂದಿನ ತಿರುವಿನಲ್ಲಾಗಿದ್ದರೆ ಅಲ್ಲಿ ಧರೆಯಿಲ್ಲ, ಎರಡೂ ಕಡೆ ಹಳ್ಳ.

ಬಗ್ಗಿ ನೋಡಿದರೆ, ಆಕ್ಸಲನ್ನು ಅದರ ಜಾಗದಲ್ಲಿ ನಿಲ್ಲಿಸುವ ಸೆಂಟರ್ ಬೋಲ್ಟು ತುಂಡಾಗಿ, ಆಕ್ಸಲಿನ ಎಡತುದಿ ಹಿಂದಕ್ಕೆ ಸರಿದಿತ್ತು. ಯು-ಬೋಲ್ಟಿನ ನಟ್ಟುಗಳು ಸಡಿಲವಾಗಿದ್ದವು. ಹೊಸ ಪ್ಲೇಟು ಕುಳಿತುಕೊಂಡ ಮೇಲೆ ಅವನ್ನು ಮತ್ತೊಮ್ಮೆ ಬಿಗಿಸಬೇಕೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೆ ಗಾಡಿ ನನ್ನದು, ಕೂತವರು ನನ್ನನ್ನು ನಂಬಿ ಕೂತವರು. ತಪ್ಪನ್ನು ಮೇಸ್ತ್ರಿಯ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲಾರೆ.

ಪ್ಲೇಟು ಸೇರಿಸುವುದು ಸಣ್ಣ ಸಂಗತಿಯಲ್ಲ. ಉದ್ದ ಅಗಲ ಒಂದೇ ಇದ್ದು ದಪ್ಪ ಎರಡರಷ್ಟಾದರೆ ಪ್ಲೇಟಿನ ಬಿಗಿ ಎಂಟರಷ್ಟಾಗುತ್ತದೆ. ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಮೆತ್ತಗಾದರೆ ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಹಳೆಯ ಪ್ಲೇಟನ್ನು ಕಾಯಿಸಿ ಬಡಿದು ಬಾಗಿಸಿದರೆ ಉಕ್ಕಿನ ಹದ ಹೋಗಿ ಬೇಗನೆ ಮತ್ತೆ ಕುಸಿಯುತ್ತದೆ. ಕುಸಿದದ್ದು ಒಂದೇ ಪಕ್ಕವಾದರೂ ಸೆಟ್ಟನ್ನು ಎರಡೂ ಪಕ್ಕ ಜೊತೆಯಾಗಿ ಬದಲಿಸುವುದೇ ಸರಿ.

ಈ ಕೆಲಸ ಮನೆಯಲ್ಲಿ ಆಗದ್ದೇನಲ್ಲ. ಈಚೆಗೆ ಮಗನೂ ನಾನೂ ನಮ್ಮ ಕಾಫಿ ಕಣದಲ್ಲೇ ಮಾಡಿದೆವು; ತೋಟದಲ್ಲಿ ಸಪಾಟು ನೆಲ ಇರುವುದು ಅಲ್ಲಿಯೇ. ಮೊದಲ ಕೆಲಸ ಅಳತೆ. ಗಾಡಿ ಖಾಲಿಯಿರಲಿ, ಟಯರುಗಳ ಗಾಳಿ ಸರಿಯಿರಲಿ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟಯರಿನ ಸವೆತವೂ ಲೆಕ್ಕಕ್ಕೆ ಬಂದುಬಿಡುತ್ತದೆ. ನೀರು ಹರಿಯಲೆಂದು ಕಣಕ್ಕೂ ತುಸು ಇಳಿಜಾರು ಇರುತ್ತದೆಯಾದ್ದರಿಂದ ಗಾಡಿಯನ್ನು ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಕುಸಿತಕ್ಕೆ ಕಾರಣ ಮುರಿದ ಪ್ಲೇಟೋ, ಸವೆದ ಬುಷ್ಷೋ ಎಂದು ನೋಡಿದ ಮೇಲೆಯೇ ಹಣ ಬಿಚ್ಚಿ.

ಗಾಡಿ ಎತ್ತಿದ ಮೇಲೆ ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೇ ಜಾಕಿಯನ್ನಾಗಲಿ, ಪುಡಿಯಾಗುವ ಕೆಂಪುಕಲ್ಲನ್ನಾಗಲಿ ನಂಬಿ ಕೆಳಗೆ ನುಗ್ಗಕೂಡದು. ಆಕ್ಸಲಿಗೆ ಬೇರೆ ಜಾಕಿ ಕೊಡಿ. ಅದು ಬ್ರೇಕಿನ ಹೋಸಿಗೆ ಜೋತುಬೀಳಬಾರದು. ಯು-ಬೋಲ್ಟು ಹೊಸದೇ ಇರಲಿ, ನಟ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಮಾತ್ರ ಗಾಡಿ ತನ್ನ ಚಕ್ರದ ಮೇಲೆ ಇಳಿದು ನಿಂತ ನಂತರವೇ ಪೂರ್ತಿ ಬಿಗಿಸತಕ್ಕದ್ದು. ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಒಂದೆರಡು ದಿನ ಓಡಿಸಿದ ಮೇಲೆ ಯು-ಬೋಲ್ಟನ್ನು ಮತ್ತೆ ಬಿಗಿಸಿ, ವಾರ ಕಳೆದು ಇನ್ನೊಮ್ಮೆ ನೋಡಿ. ಎತ್ತರ ಬದಲಾದರೆ ಹೆಡ್‌ಲೈಟಿನ ಬೆಳಕು ಬೀಳುವ ಜಾಗವೂ ಬದಲಾಗುತ್ತದೆ, ಅದನ್ನೂ ಸರಿಪಡಿಸಿಕೊಳ್ಳಬೇಕು.

ಕಾರಿನ ಮುಂದಿನ ಸುರುಳಿ ಸ್ಪ್ರಿಂಗಿನ ಮಾತು ಬೇರೆ. ಅದು ನೂರಾರು ಕಿಲೊ ಬಲವನ್ನು ಅದುಮಿಟ್ಟುಕೊಂಡು ಕೂತಿರುತ್ತದೆ. ಅದನ್ನು ಒತ್ತಿಹಿಡಿಯುವ ಸಾಧನವಿಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಜೀವಕ್ಕೇ ಅಪಾಯ. ಸಾಧನವಿಲ್ಲದವರು, ಅಭ್ಯಾಸವಿಲ್ಲದವರು ಆ ಕೆಲಸವನ್ನು ತಿಳಿದವರಿಗೇ ಬಿಡಬೇಕು.

"ಮೇಸ್ತ್ರಿ ಇರುವಾಗ ನಮಗೇಕೆ ಈ ಉಸಾಬರಿ?" ಎಂದು ಕೆಲವರು ಕೇಳಬಹುದು. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕಾದ ದಿನಗಳಲ್ಲಿ ಜೀಪನ್ನು ಎರಡು ದಿನ ಪೇಟೆಯಲ್ಲಿ ಬಿಟ್ಟುಬರುವ ಕಷ್ಟ ನಮ್ಮೆಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ತಾನೇ ಕೈಯಿಟ್ಟು ಮಾಡಿದವನಿಗೆ ಬೇರೆಯವರು ಮಾಡಿದ್ದನ್ನು ನೋಡಿ ತಿಳಿಯುವ ಕಣ್ಣು ಬರುತ್ತದೆ. ಮೇಸ್ತ್ರಿಯಿಂದಲೇ ಮಾಡಿಸಿದರೂ ಅಳತೆ ನಿಮ್ಮ ಪುಸ್ತಕದಲ್ಲಿರಲಿ.

ಸಂಘದಲ್ಲಿ ಒಂದು ಅರಿಕೆ. ಗಟ್ಟಿ ಸ್ಟ್ಯಾಂಡು ನಾಲ್ಕು, ಟಾರ್ಕ್ ಸ್ಪ್ಯಾನರ್ ಒಂದು, ಇಷ್ಟನ್ನು ಕೊಂಡಿಟ್ಟು ಸದಸ್ಯರಿಗೆ ಅಲ್ಪ ಬಾಡಿಗೆಗೆ ಕೊಡಬಾರದೇಕೆ? ವರ್ಷಕ್ಕೊಮ್ಮೆ ಬೇಕಾಗುವ ಸಾಮಾನನ್ನು ಸಣ್ಣ ಹಿಡುವಳಿದಾರ ಒಬ್ಬೊಬ್ಬನೂ ಕೊಳ್ಳಲಾರ; ಎಲ್ಲರೂ ಸೇರಿದರೆ ಭಾರವಲ್ಲ. ಬರುವ ಮಹಾಸಭೆಯಲ್ಲಿ ಈ ಮಾತನ್ನು ಎತ್ತುವವನಿದ್ದೇನೆ. ಅಷ್ಟರಲ್ಲಿ ಸದಸ್ಯರು ಕೊಯ್ಲಿಗೆ ಮುಂಚೆ ಒಂದು ಬೆಳಿಗ್ಗೆ ತಮ್ಮ ಗಾಡಿಯ ಕೆಳಗೆ ಬಗ್ಗಿ ನೋಡಬೇಕಾಗಿ ವಿನಂತಿ. ನಾಳೆ ಅದರಲ್ಲಿ ಕೂರುವವರು ನಮ್ಮ ತೋಟದ ಜನವೇ.