ಕರುವಿಗೆ ಬೇಕಿರೋದು ಟಾನಿಕ್ ಅಲ್ಲ ಸ್ವಾಮಿ!

ವಿಶಾಖಪಟ್ಟಣಕ್ಕೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಇಲ್ಲಿನ ಸೆಕೆಗೂ ಖಾರಕ್ಕೂ ಒಗ್ಗಿಕೊಂಡೆ. ಒಗ್ಗದೇ ಇರೋದು ಒಂದೇ: ಹುಟ್ಟಿದ ಕರು ಏಳಲಿಲ್ಲ ಅಂದ್ರೆ ಸಾಕು, ಬಾಯಿ ಅಗಲಿಸಿ ಕ್ಯಾಲ್ಸಿಯಂ ಟಾನಿಕ್ ಸುರಿಯೋದು. ಆಂಧ್ರದವರನ್ನಷ್ಟೇ ಬೈತಿಲ್ಲ, ನಮ್ಮೂರಲ್ಲೂ ಇದೇ ಕಥೆ.

ಹೋದ ತಿಂಗಳು ಪೆಂದುರ್ತಿ ಕಡೆ, ನಾವು ಹಾಲು ತರೋ ಕೊಟ್ಟಿಗೆಯಲ್ಲಿ ಹಾಗೇ ಸುರಿದರು. ಕರು ಕೆಮ್ಮಿತು. ಔಷಧಿ ಶ್ವಾಸಕೋಶಕ್ಕೆ ಇಳಿದಿತ್ತು. ಮೂರನೇ ದಿನ ಹೋಯ್ತು. ವಿಜಯವಾಡದ ನಮ್ಮ ಭಾವನಿಗೆ ಹೇಳಿದ್ರೆ, "ಡೋಸ್ ಸಾಲದೇನೋ" ಅಂದ. ಓದಿದವನು ಬೇರೆ!

ಈ ಭ್ರಮೆ ಎಲ್ಲಿಂದ ಬಂತು ಅನ್ನೋದು ಗೊತ್ತು. ಕರು ಹಾಕಿದ ಹಸುವಿಗೆ ಹಾಲುಜ್ವರ ಬಂದ್ರೆ, ರಕ್ತದ ಕ್ಯಾಲ್ಸಿಯಂ ಕೆಚ್ಚಲಿಗೆ ಹರಿದು ಹಸು ಕುಸಿಯುತ್ತೆ. ಡಾಕ್ಟರು ನರಕ್ಕೆ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಏರಿಸಿದ್ರೆ ಎದ್ದು ನಿಲ್ಲುತ್ತೆ. ಪವಾಡವೇ ಸರಿ. ಆದ್ರೆ ತಾಯಿಯ ಮದ್ದು ಮಗುವಿಗೂ ಆಗುತ್ತಾ?

ಸ್ನಾಯುವಿನ ಕೋಶದೊಳಗೆ ಒಂದು ತೊಟ್ಟಿ, ಒಂದು ಪಂಪು ಇವೆ ಅಂದ್ಕೊಳ್ಳಿ. ತೊಟ್ಟಿಯ ಕ್ಯಾಲ್ಸಿಯಂ ಹೊರಬಿದ್ದಾಗ ಸ್ನಾಯು ಬಿಗಿಯುತ್ತೆ, ಪಂಪು ವಾಪಸ್ ಎಳೆದಾಗ ಸಡಿಲವಾಗುತ್ತೆ. ಸುಮ್ಮನಿರುವ ಕೋಶದೊಳಗೆ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ ಕ್ಯಾಲ್ಸಿಯಂ ಇರುತ್ತೆ. ಇಲಿಮರಿ ಹುಟ್ಟಿದಾಗ ಈ ತೊಟ್ಟಿ-ಪಂಪು ಅರೆಬರೆ, ಪಕ್ವವಾಗಲು ಸುಮಾರು ಮೂರು ವಾರ ಬೇಕು. 1960ರಲ್ಲಿ ಬುಲ್ಲರ್ ಮತ್ತು ಎಕಲ್ಸ್ ತಂದೆ-ಮಗಳು ಬೆಕ್ಕಿನ ಮರಿಗಳಲ್ಲಿ ತೋರಿಸಿದ್ದೂ ಇದನ್ನೇ ಹೋಲುತ್ತೆ: ಮುಂದೆ ಚುರುಕಾಗೋ ಸ್ನಾಯುಗಳೂ ಹುಟ್ಟಿದಾಗ ನಿಧಾನ. ಕರು ಅವಕ್ಕಿಂತ ಸಿದ್ಧವಾಗಿ ಹುಟ್ಟುತ್ತೆ, ಒಂದೆರಡು ಗಂಟೆಯಲ್ಲಿ ನಿಲ್ಲುತ್ತೆ. ಏನೇ ಇರಲಿ, ಪಂಪು ಕಟ್ಟೋದು ಬಾಟಲಿಯಲ್ಲ.

ಕರು ಏಳದಿದ್ದರೆ ಕಾರಣ ಕಷ್ಟದ ಹೆರಿಗೆ, ಉಸಿರುಗಟ್ಟಿದ್ದು, ಚಳಿ, ಇಲ್ಲಾ ಸೆಲೆನಿಯಂ ಕೊರತೆ ಇರಬಹುದು. ಸೆಲೆನಿಯಂ ಕೊರತೆಯಲ್ಲಂತೂ ಸತ್ತ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಸುಣ್ಣದ ಗೆರೆಯ ಹಾಗೆ ಕೂತುಬಿಟ್ಟಿರುತ್ತೆ! ಅದಕ್ಕೂ ಟಾನಿಕ್ಕೇ?

ಕರುವಿಗೆ ಮೊದಲು ಬೇಕಿರೋದು ಗಿಣ್ಣುಹಾಲು. ಹಸುವಿನ ಗರ್ಭದಲ್ಲಿ ರೋಗನಿರೋಧಕಗಳು ಕರುವಿಗೆ ದಾಟೋದಿಲ್ಲ, ಗಿಣ್ಣಿನಿಂದಲೇ ಬರಬೇಕು, ಅದೂ ಮೊದಲ ಕೆಲವೇ ಗಂಟೆಗಳಲ್ಲಿ. ಒಂದು ದಿನ ಕಳೆದ್ರೆ ಕರುಳಿನ ಬಾಗಿಲು ಮುಚ್ಚಿದ ಹಾಗೆ. ಮಾಮೂಲಿ ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಮ್ಮೂ ಅದರಲ್ಲೇ ಇದೆ. ಚೀಪಲಾಗದ ಕರುವಿಗೆ ನೀವೇ ಏನೂ ಸುರೀಬೇಡಿ, ಪಶುವೈದ್ಯರನ್ನು ಕರೆಸಿ.

ಇನ್ನೊಂದು ಹೇಳಿಬಿಡ್ತೀನಿ. ಆ ಕರು ಹುಟ್ಟಿದ ದಿನ ನಮ್ಮನೆಗೆ ಒಂದು ತಂಬಿಗೆ "ಜುನ್ನು ಪಾಲು" ಬಂದಿತ್ತು. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿದ್ವಿ. ಎರಡು ಸಲ ಹಾಕಿಸ್ಕೊಂಡು ತಿಂದೆ.

ಬೈಯೋದಾದ್ರೆ ನನ್ನಿಂದಲೇ ಶುರು ಮಾಡಿ.