ಎದೆಹಾಲು ಪುಕ್ಕಟೆಯಲ್ಲ

‘ಎದೆಹಾಲಿಗೆ ಖರ್ಚೇನಮ್ಮ? ಆರು ತಿಂಗಳು ಬರೀ ಅದನ್ನೇ ಕುಡಿಸು’ ಎಂದು ಕೇರಿಗೆ ಬಂದು ಉಪದೇಶ ಹೇಳುವವರೇ, ಕೇಳಿ. ಮಾತು ಸರಿಯೇ. ಆದರೆ ತಾಯಿ ಕಳೆ ಕೀಳಲು ಹೋದರೆ ಕೂಸಿಗೆ ಹಾಲಿಲ್ಲ. ಹೋಗದಿದ್ದರೆ ಅವಳಿಗೇ ಹಿಟ್ಟಿಲ್ಲ.

2017ರ ತಿದ್ದುಪಡಿ ನೌಕರಿಯ ತಾಯಿಗೆ 26 ವಾರ ಸಂಬಳದ ರಜೆ ಕೊಟ್ಟಿತು. ನ್ಯಾಯವೇ. ಹೊಲದ ಕೂಲಿಯವಳಿಗೆ? 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ರೂಪಾಯಿ ಎಂದಿತು. 2017ರ ಮಾತೃವಂದನಾ ಯೋಜನೆ ಮೊದಲ ಕೂಸಿಗೆ 5,000 ಎಂದಿತು. 26 ವಾರಕ್ಕೆ ಹಂಚಿ ನೋಡಿ: ದಿನಕ್ಕೆ 27 ರೂಪಾಯಿ ಚಿಲ್ಲರೆ! ಎರಡನೆಯದು ಗಂಡಾದರೆ ಅದೂ ಇಲ್ಲ.

ಹಳೇ ಸೀರೆಯಲ್ಲೇ ಜೋಲಿ ಕಟ್ಟಿದ ನಮ್ಮವ್ವಂದಿರಿಗೆ ಮಿತವ್ಯಯದ ಪಾಠ ಬೇಡ. ಬೇಕಾದ್ದು ಭಿಕ್ಷೆಯಲ್ಲ, ಕೂಲಿ. 26 ವಾರದ ಕನಿಷ್ಠ ಕೂಲಿ ಮೊದಲು ಎಣಿಸಿಡಿ. ಉಪದೇಶ ಆಮೇಲೆ ಹೇಳೀರಂತೆ.