ಡೈಲಾಗ್‌ಗೆ ಕತ್ತರಿ ಬಿತ್ತು, ಆದರೆ ಪಾತ್ರ ಬರೆಯುವಾಗ ಕೇಳಿದ್ದು ಯಾರನ್ನು?

ಕಾಕ್ಕನಾಡ್ (ಕೊಚ್ಚಿ): ಹೆತ್ತವರ ಪಾಪದ ಫಲವನ್ನು ಮಕ್ಕಳು ಅಂಗವೈಕಲ್ಯದ ರೂಪದಲ್ಲಿ ಉಣ್ಣುತ್ತಾರೆ. ಇಂಥ ಮಾತು ನಮ್ಮ ಊರುಗಳ ಜಗಲಿಯಲ್ಲೂ ಕೇಳಿಬರುತ್ತದೆ. 2022ರ ಜುಲೈ 7ರಂದು ತೆರೆಕಂಡ ಮಲಯಾಳಂನ 'ಕಡುವ' ಚಿತ್ರದಲ್ಲಿ ಇದೇ ಅರ್ಥದ ಡೈಲಾಗ್ ಇತ್ತು. ಹೇಳಿದ್ದು ಖಳನಲ್ಲ, ನಾಯಕ!

ಸಾಮಾಜಿಕ ಜಾಲತಾಣಗಳಲ್ಲಿ ಆಕ್ರೋಶ ಎದ್ದಿತು. ಕೇರಳದ ಅಂಗವಿಕಲರ ರಾಜ್ಯ ಆಯುಕ್ತರು ಚಿತ್ರತಂಡಕ್ಕೆ ನೋಟಿಸ್ ಕೊಟ್ಟರು. ನಿರ್ದೇಶಕ ಶಾಜಿ ಕೈಲಾಸ್, ನಾಯಕ ನಟ ಪೃಥ್ವಿರಾಜ್ ಇಬ್ಬರೂ ತಪ್ಪಾಯಿತೆಂದು ಕ್ಷಮೆ ಕೇಳಿದರು. ಡೈಲಾಗ್ ಬದಲಾಯಿತು. ಕ್ಷಮೆಯಲ್ಲಿ ನುಣುಚಿಕೊಳ್ಳುವ ಧಾಟಿ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಸ್ಕ್ರಿಪ್ಟ್, ಶೂಟಿಂಗ್, ಡಬ್ಬಿಂಗ್, ಕೊನೆಗೆ ಸೆನ್ಸಾರ್ ಮಂಡಳಿಯನ್ನೂ ದಾಟಿ ಆ ಮಾತು ಪರದೆಗೆ ಬಂದಿತ್ತು. ಅಂಗವೈಕಲ್ಯವಿರುವ ಮಗುವಿನ ತಾಯಿಯೊಬ್ಬರು ಸ್ಕ್ರಿಪ್ಟ್ ಓದಿದ್ದರೆ ಅಲ್ಲೇ ಕೆಂಪು ಗೆರೆ ಎಳೆಯುತ್ತಿರಲಿಲ್ಲವೇ?

ಎರಡು ವರ್ಷಗಳ ಬಳಿಕ ಸುಪ್ರೀಂ ಕೋರ್ಟ್ ಈ ವಿಚಾರಕ್ಕೇ ಬಂತು. 'ಆಂಖ್ ಮಿಚೋಲಿ' ಎಂಬ ಹಿಂದಿ ಚಿತ್ರದಲ್ಲಿ ಮರೆವು, ಕಿವುಡು, ತೊದಲು, ಇರುಳುಗುರುಡು ಎಲ್ಲವೂ ನಗೆಗೆ ಸರಕು. ಇದರ ವಿರುದ್ಧ ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಹೂಡಿದ್ದ ಪ್ರಕರಣದಲ್ಲಿ 2024ರ ಜುಲೈ 8ರಂದು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ತೀರ್ಪು ನೀಡಿತು. ಚಿತ್ರಕ್ಕೆ ಕತ್ತರಿ ಹಾಕಿಸಲಿಲ್ಲ, ಮಾರ್ಗಸೂಚಿ ಕೊಟ್ಟಿತು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕೀಳಾಗಿಸುವ ಹಾಸ್ಯ ಬೇರೆ ಎಂದಿತು. ಕಾಯಿಲೆಯ ಬಗ್ಗೆ ತಪ್ಪು ಮಾಹಿತಿ ಬೇಡ, ಅಂಗವಿಕಲರನ್ನು ಅಸಾಮಾನ್ಯ ಶಕ್ತಿವಂತರಂತೆ ಮೆರೆಸುವುದೂ ಬೇಡ ಎಂದಿತು. ಅವರ ಕುರಿತ ಕೆಲಸದಲ್ಲಿ ಅವರೂ ಭಾಗಿಯಾಗಬೇಕು ಎಂಬುದು ತೀರ್ಪಿನ ತಿರುಳು.

ನಮ್ಮ ಸಿನಿಮಾಗಳ ಸಮಸ್ಯೆ ಬೈಗುಳವೊಂದೇ ಅಲ್ಲ. 2003ರ 'ಸ್ವಾತಿ ಮುತ್ತು' ಚಿತ್ರದಲ್ಲಿ ಸುದೀಪ್ ಮಾಡಿದ ಪಾತ್ರಕ್ಕೆ ಮನಸೋಲದವರು ಕಡಿಮೆ. 1986ರ ತೆಲುಗು ಚಿತ್ರದಲ್ಲಿ ಕಮಲ್ ಹಾಸನ್ ಮಾಡಿದ್ದ ಪಾತ್ರವದು. ಆದರೂ ಆಟಿಸಂ ಇರುವ ಹುಡುಗ ಎದುರಾದರೆ ನಾವು ಅದೇ ಮುಗ್ಧತೆಯನ್ನೇ ಹುಡುಕುತ್ತೇವೆ. ಆತ ಸಿಟ್ಟಿನ, ಹಟದ, ಸಾಮಾನ್ಯ ಮನುಷ್ಯನಾಗಿರಬಾರದೇ? 2007ರ 'ತಾರೆ ಜಮೀನ್ ಪರ್' ಡಿಸ್ಲೆಕ್ಸಿಯಾ ಎಂಬ ಪದವನ್ನು ಮನೆಮನೆಗೆ ತಂದಿತು, ಅದು ದೊಡ್ಡ ಉಪಕಾರ. ಆದರೆ ಅದರ ಇಶಾನ್ ಕೊನೆಗೆ ಚಿತ್ರಕಲೆಯ ಸ್ಪರ್ಧೆ ಗೆಲ್ಲಬೇಕಾಯಿತು. ಬಹುಮಾನ ಬಾರದ ಮಕ್ಕಳ ಕಥೆ ಇನ್ನೂ ಬಾಕಿ ಇದೆ.

ಅನ್ಯರನ್ನು ಟೀಕಿಸುವ ಮುನ್ನ ನಮ್ಮ ಡೆಸ್ಕ್‌ನತ್ತಲೂ ನೋಡಬೇಕು. 'ಸರ್ಕಾರದ ಜಾಣ ಕುರುಡು', 'ಅಧಿಕಾರಿಗಳ ಜಾಣ ಕಿವುಡು' ಎಂಬ ಹೆಡ್‌ಲೈನ್ ನಾನೇ ಕೊಟ್ಟಿದ್ದೇನೆ. ಯಾರೂ ತಡೆಯಲಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. 2005ರಲ್ಲೇ ಮಲಯಾಳಂ ನಿರ್ದೇಶಕ ವಿನಯನ್ 'ಅದ್ಭುತ ದ್ವೀಪ್' ಚಿತ್ರದ ನಾಯಕನ ಪಾತ್ರಕ್ಕೆ ಕುಳ್ಳ ದೇಹದ ಅಜಯ್ ಕುಮಾರ್ ಅವರನ್ನೇ ಆರಿಸಿದ್ದರು. ಆ ಪಾತ್ರದಿಂದಲೇ ಅವರು ಗಿನ್ನೆಸ್ ಪಕ್ರು ಆದರು. 2025ರ ಜೂನ್ 20ರಂದು ಬಂದ 'ಸಿತಾರೆ ಜಮೀನ್ ಪರ್' ಚಿತ್ರದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಡೌನ್ ಸಿಂಡ್ರೋಮ್, ಆಟಿಸಂ ಮುಂತಾದ ಸ್ಥಿತಿ ಇರುವ ಹತ್ತು ಮಂದಿ ಹೊಸಬರು ತಾವೇ ನಟಿಸಿದರು. ಪೋಸ್ಟರ್‌ನ ನಡುವೆ ಎಂದಿನಂತೆ ಆಮಿರ್ ಖಾನ್ ಇದ್ದರು, ಅದು ಬೇರೆ ಮಾತು. ಸ್ಕ್ರಿಪ್ಟ್ ಬರೆಯುವ ಕೋಣೆಯಲ್ಲಿ ಇಂಥವರಿಗೊಂದು ಕುರ್ಚಿ ಹಾಕುವ ಕೆಲಸ ಕೊಚ್ಚಿಯಲ್ಲೂ ಗಾಂಧಿನಗರದಲ್ಲೂ ಇನ್ನು ಆಗಬೇಕಷ್ಟೇ.